ಪ್ಲೇಸ್ಟೇಷನ್ ಕೂಗತೊಡಗಿದರೆ ಮೊದಲು ಎಲ್ಲಿ ನೋಡಬೇಕು

ಏಪ್ರಿಲ್ ಬಂತೆಂದರೆ ನನ್ನ ಟೇಬಲ್ ಮೇಲಿನ ಸಾಮಾನು ಬದಲಾಗುತ್ತದೆ. ವರ್ಷವಿಡೀ ದಾವಣಗೆರೆಯಲ್ಲಿ ಯುಪಿಎಸ್, ಸ್ಟೆಬಿಲೈಜರ್, ಇನ್ವರ್ಟರ್ ರಿಪೇರಿ ಮಾಡುವವನು ನಾನು. ಶಾಲೆಗೆ ರಜೆ ಬಿದ್ದ ವಾರದಿಂದ ಟಿವಿಗೆ ಜೋಡಿಸಿ ಆಡುವ ಗೇಮ್ ಬಾಕ್ಸ್‌ಗಳು ಬರತೊಡಗುತ್ತವೆ. ಈ ಸಲ ಮೊದಲು ಬಂದವನು ನಿಟ್ಟುವಳ್ಳಿಯ ಒಬ್ಬ ಪಿಯುಸಿ ಹುಡುಗ. ಟವೆಲಿನಲ್ಲಿ ಸುತ್ತಿಕೊಂಡು ಹಳೆಯ ಪಿಎಸ್4, ಅಂದರೆ ಸೋನಿಯ ಪ್ಲೇಸ್ಟೇಷನ್ 4, ತಂದಿದ್ದ.

"ಅಣ್ಣ, ಆನ್ ಏನೋ ಆಗ್ತೈತಿ. ಹತ್ತು ನಿಮಿಷ ಆಡಿದ್ರೆ ಗುಂಯ್ ಅಂತ ಸೌಂಡ್ ಶುರು ಆಗ್ತೈತಿ, ಆಮೇಲೆ ತಾನೇ ಆಫ್. ಬೋರ್ಡೇ ಹೋಗೈತಿ, ರಿಪೇರಿ ಆಗಲ್ಲ ಅಂದ್ರು ಒಂದು ಅಂಗಡೀಲಿ."

"ಮನೇಲಿ ಎಲ್ಲಿ ಇಟ್ಟೀಯಪ್ಪ ಇದನ್ನ?"

"ಟಿವಿ ಶೋಕೇಸ್‌ನಾಗೆ. ಗ್ಲಾಸ್ ಬಾಗ್ಲು ಐತಿ, ಧೂಳು ಬರಲ್ಲ."

ಅವನು ಹೇಳಿದ ಎರಡು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಸದ್ದು ಮೊದಲು, ಆಮೇಲೆ ಆಫ್. ಈ ಕ್ರಮ ಬಹಳ ಮುಖ್ಯ. ಗೇಮ್ ಬಾಕ್ಸ್ ಕೆಟ್ಟಾಗ ಜನ ಹೇಳುವುದು "ಆಫ್ ಆಗ್ತದೆ" ಎಂದಷ್ಟೇ. ಆಫ್ ಆಗುವ ಮೊದಲು ಏನಾಯಿತು ಎಂಬುದರಲ್ಲಿ ರೋಗ ಇರುತ್ತದೆ. ಅದನ್ನು ಓದಲು ಬಾಕ್ಸ್ ಬಿಚ್ಚಬೇಕಿಲ್ಲ. ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿದ್ದರೆ ಸಾಕು.

ಶಾಖ ಹೊರಡುವ ದಾರಿ

ಕರೆಂಟಿನ ಕಡೆಯಿಂದ ನೋಡಿದರೆ ಈ ಪೆಟ್ಟಿಗೆ ಅರ್ಥವಾಗುವುದು ಸುಲಭ. ಮೊದಲ ಮಾದರಿಯ ಪಿಎಸ್4 ದೊಡ್ಡ ಗೇಮ್ ಓಡಿಸುವಾಗ ಸುಮಾರು 150 ವ್ಯಾಟ್ ಎಳೆಯುತ್ತದೆ. ಪಿಎಸ್5 ಸುಮಾರು 200 ವ್ಯಾಟ್. ಮಿಕ್ಸಿಯಲ್ಲಾದರೆ ಆ ಶಕ್ತಿಯ ಒಂದು ಪಾಲು ಬ್ಲೇಡು ತಿರುಗಿಸುವುದಕ್ಕೆ, ಕಾಳು ಅರೆಯುವುದಕ್ಕೆ ಹೋಗುತ್ತದೆ. ಗೇಮ್ ಬಾಕ್ಸ್ ಏನನ್ನೂ ಅರೆಯುವುದಿಲ್ಲ, ಎತ್ತುವುದಿಲ್ಲ. ಒಳಗೆ ಹೋದ ಕರೆಂಟು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಗೆ ಬರಬೇಕು. ಹಿಂದೆ ಮನೆಮನೆಯಲ್ಲಿ ಇದ್ದ 60 ವ್ಯಾಟಿನ ಹಳದಿ ಬಲ್ಬು ನೆನಪಿದೆಯೇ? ಉರಿಯುವಾಗ ಮುಟ್ಟಿದರೆ ಬೆರಳು ಸುಡುತ್ತಿತ್ತು. ಅಂಥ ಎರಡೂವರೆ ಬಲ್ಬನ್ನು ಒಂದು ಚಪ್ಪಟೆ ಡಬ್ಬಿಯಲ್ಲಿ ಮುಚ್ಚಿಟ್ಟು, ಮೂರು ತಾಸು ಉರಿಸಿದ ಹಾಗೆ ಇದು.

ಆ ಶಾಖದ ಬಹುಪಾಲು ಹುಟ್ಟುವುದು ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದೇ ಸಿಲಿಕಾನ್ ಚಿಪ್ಪಿನಲ್ಲಿ. ಲೆಕ್ಕ ಮಾಡುವುದೂ ಚಿತ್ರ ಬರೆಯುವುದೂ ಎರಡೂ ಅದರದೇ ಕೆಲಸ. ಚಿಪ್ಪಿನ ಮೇಲೆ ಲೋಹದ ತಳ ಕೂರುತ್ತದೆ, ಅದರಿಂದ ಶಾಖ ತಾಮ್ರದ ಕೊಳವೆಗಳಲ್ಲಿ ಹರಿದು, ಪುಸ್ತಕದ ಹಾಳೆಗಳಂತೆ ಜೋಡಿಸಿದ ತೆಳು ಅಲ್ಯೂಮಿನಿಯಂ ರೆಕ್ಕೆಗಳಿಗೆ ಹೋಗುತ್ತದೆ. ಇದಕ್ಕೆ ಹೀಟ್‌ಸಿಂಕ್ ಎನ್ನುತ್ತೇವೆ. ಫ್ಯಾನು ಪಕ್ಕದ ಸಂದಿಯಿಂದ ಗಾಳಿ ಎಳೆದು ಆ ರೆಕ್ಕೆಗಳ ನಡುವೆ ನೂಕಿ ಹಿಂಬದಿಯಿಂದ ಹೊರಹಾಕುತ್ತದೆ. ಚಿಪ್ಪು ಮತ್ತು ಲೋಹದ ನಡುವೆ ಒಂದು ಬೂದು ಬಣ್ಣದ ಪೇಸ್ಟ್ ಇರುತ್ತದೆ. ಎರಡೂ ಮೇಲ್ಮೈ ಕಣ್ಣಿಗೆ ನಯವಾಗಿ ಕಂಡರೂ ಸೂಕ್ಷ್ಮವಾಗಿ ಒರಟು. ನಡುವೆ ಗಾಳಿ ಸಿಕ್ಕಿಕೊಂಡರೆ ಶಾಖ ದಾಟುವುದಿಲ್ಲ. ಹಂಚಿಗೆ ತಾಕದೆ ಎದ್ದ ಜಾಗದಲ್ಲಿ ರೊಟ್ಟಿ ಹಸಿಯಾಗಿಯೇ ಉಳಿಯುತ್ತದಲ್ಲ, ಅದೇ ಕಾರಣ. ಆ ಸಂದಿ ತುಂಬುವುದು ಪೇಸ್ಟಿನ ಕೆಲಸ. ನಾಲ್ಕೈದು ವರ್ಷ ಬಿಸಿಯಾಗಿ ಆರಿ, ಬಿಸಿಯಾಗಿ ಆರಿ ಅದು ಒಣಗುತ್ತದೆ.

ಫ್ಯಾನಿನ ವೇಗ ತೀರ್ಮಾನಿಸುವುದು ಒಳಗಿನ ಶಾಖದ ಸೆನ್ಸರ್. ಹಾಗಾಗಿ ಫ್ಯಾನಿನ ಸದ್ದೇ ನಿಮ್ಮ ಕೈಗೆ ಸಿಕ್ಕಿರುವ ಥರ್ಮಾಮೀಟರ್. ಕಳೆದ ವರ್ಷ ಇದೇ ಗೇಮ್ ಆಡುವಾಗ ಸದ್ದಿಲ್ಲದ ಬಾಕ್ಸ್ ಈ ವರ್ಷ ಕೂಗುತ್ತಿದೆ ಎಂದರೆ ದಾರಿಯಲ್ಲಿ ಎಲ್ಲೋ ಶಾಖ ನಿಂತಿದೆ. ಎಷ್ಟು ಕೂಗಿದರೂ ತಂಪಾಗದಿದ್ದಾಗ ಸುಟ್ಟುಹೋಗುವ ಮೊದಲೇ ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಹುಡುಗನ ಬಾಕ್ಸ್ ಮಾಡುತ್ತಿದ್ದದ್ದು ಇದನ್ನೇ. ಅದು ಬೋರ್ಡ್ ಸತ್ತ ಲಕ್ಷಣವಲ್ಲ. ಬೋರ್ಡ್ ಬದುಕಿರುವ ಲಕ್ಷಣ. ಸದ್ದೇ ಇಲ್ಲದೆ, ತಣ್ಣಗಿರುವಾಗಲೇ, ಸ್ವಿಚ್ ಆರಿಸಿದ ಹಾಗೆ ಫಕ್ಕನೆ ಆಫ್ ಆಗುತ್ತಿದ್ದರೆ ನಾನು ಪವರ್ ಸಪ್ಲೈ ಕಡೆ, ಅಂದರೆ ಗೋಡೆಯ ಕರೆಂಟನ್ನು ಬೋರ್ಡಿಗೆ ತಕ್ಕಂತೆ ಇಳಿಸಿಕೊಡುವ ಭಾಗದ ಕಡೆ, ನೋಡುತ್ತಿದ್ದೆ. ಇನ್ನು ಸದ್ದು ಗಾಳಿಯ ಸದ್ದಾಗಿರದೆ ಕಟಕಟ, ಗರಗರ ಎನ್ನುತ್ತಿದ್ದರೆ ಫ್ಯಾನಿನ ಬೇರಿಂಗ್ ಸವೆದಿದೆ, ಫ್ಯಾನ್ ಬದಲಿಸಿದರೆ ಮುಗಿಯಿತು.

ಈಗ ನಮ್ಮೂರಿನ ಬೇಸಿಗೆಯನ್ನು ಈ ಲೆಕ್ಕಕ್ಕೆ ಸೇರಿಸಿ. ಹೀಟ್‌ಸಿಂಕ್ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಒಂದು ಉದಾಹರಣೆಗೆ, ಚಿಪ್ಪು ಕೋಣೆಗಿಂತ 45 ಡಿಗ್ರಿ ಹೆಚ್ಚು ಬಿಸಿಯಲ್ಲಿ ನಿಲ್ಲುತ್ತದೆ ಎಂದುಕೊಳ್ಳೋಣ. ಡಿಸೆಂಬರಿನ ರಾತ್ರಿ ಕೋಣೆ 22 ಡಿಗ್ರಿ ಇದ್ದರೆ ಚಿಪ್ಪು 67. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯಲ್ಲಿ ಕೋಣೆ 38 ಇದ್ದರೆ ಚಿಪ್ಪು 83. ಗಾಜಿನ ಬಾಗಿಲು ಹಾಕಿದ ಶೋಕೇಸಿನಲ್ಲಿ ಇನ್ನೂ ಕೆಟ್ಟದ್ದು ನಡೆಯುತ್ತದೆ: ಹಿಂದೆ ಬಿಟ್ಟ ಬಿಸಿಗಾಳಿಯನ್ನೇ ಪಕ್ಕದಿಂದ ಮತ್ತೆ ಎಳೆದುಕೊಳ್ಳುತ್ತದೆ. ಧೂಳು ಬರಬಾರದೆಂದು ಮುಚ್ಚಿದ ಬಾಗಿಲೇ ಅದರ ಉಸಿರು ಕಟ್ಟಿಸುತ್ತದೆ. ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರ ಇಡಿ ಎಂದು ಸೋನಿಯ ಕೈಪಿಡಿಯಲ್ಲೇ ಇದೆ. ನಾಲ್ಕು ಬೆರಳಿನ ಅಳತೆ ಸಾಲದು, ಗೇಣಿಗೆ ಅರ್ಧ ಎಂದು ಇಟ್ಟುಕೊಳ್ಳಿ. ಸೆಟ್‌ಟಾಪ್ ಬಾಕ್ಸಿನ ಮೇಲೆ ಇಡಬೇಡಿ, ಮೇಲೆ ಕ್ರೋಶಾ ಬಟ್ಟೆ ಹೊದಿಸಬೇಡಿ, ಹಾಸಿಗೆಯ ಮೇಲಂತೂ ಬೇಡವೇ ಬೇಡ.

ಧೂಳಿನಲ್ಲೂ ಎರಡು ಜಾತಿ

ಚಿತ್ರದುರ್ಗದಿಂದ ಬರುವ ಬಾಕ್ಸ್‌ಗಳಲ್ಲಿ ಹೆಚ್ಚಾಗಿ ಒಣ ಮಣ್ಣು ಸಿಗುತ್ತದೆ. ಆ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿ ಕಿಟಕಿ ಮುಚ್ಚಿದರೂ ಮಣ್ಣು ತಂದು ಸುರಿಯುತ್ತದೆ. ಒಣ ಧೂಳು ಸುಲಭದ ಧೂಳು, ಊದಿದರೆ ಹಾರುತ್ತದೆ. ದಾವಣಗೆರೆಯದು ಬೇರೆ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಿಂದ ಬಂದ ಬಾಕ್ಸಿನಲ್ಲಿ ಮಸಿ ಇರುತ್ತದೆ. ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿಲ್ಲದ ಮನೆಗಳಲ್ಲಿ ಒಗ್ಗರಣೆಯ, ಮಿರ್ಚಿ ಕರಿದ ಎಣ್ಣೆಯ ಆವಿ. ದಿನಕ್ಕೆ ಎರಡು ಹೊತ್ತು ಅಗರಬತ್ತಿ, ಧೂಪ. ಈ ಜಿಡ್ಡು ಫ್ಯಾನಿನ ರೆಕ್ಕೆಗೆ ಅಂಟಿ, ಅದರ ಮೇಲೆ ಧೂಳು ಕೂತು, ಹೀಟ್‌ಸಿಂಕಿನ ಬಾಯಿಗೆ ಕಂಬಳಿ ಹೊದಿಸಿದ ಹಾಗೆ ಒಂದು ಪದರ ಬೆಳೆಯುತ್ತದೆ. ಇದು ಊದಿದರೆ ಹೋಗುವುದಿಲ್ಲ.

ಮನೆಯಲ್ಲೇ ಮಾಡಬಹುದಾದದ್ದು ಇಷ್ಟು. ಪ್ಲಗ್ ಕಿತ್ತು, ಅರ್ಧ ತಾಸು ಬಿಟ್ಟು, ಒಣ ಪೇಂಟ್ ಬ್ರಷ್ಷಿನಿಂದ ಗಾಳಿಕಿಂಡಿಗಳನ್ನು ತಿಂಗಳಿಗೊಮ್ಮೆ ಬಳಿಯಿರಿ. ಆರು ತಿಂಗಳಿಗೊಮ್ಮೆ ಎಲೆಕ್ಟ್ರಿಕ್ ಬ್ಲೋವರಿನಿಂದ ದೂರದಿಂದ ಊದಿ. ಊದುವಾಗ ಫ್ಯಾನ್ ಗಿರ್ರನೆ ತಿರುಗಿದರೆ ಒಳ್ಳೆಯದೆಂದು ಮಕ್ಕಳು ಖುಷಿಪಡುತ್ತಾರೆ, ಅದು ಅಪಾಯ. ಹೊರಗಿನ ಗಾಳಿ ತಿರುಗಿಸಿದ ಫ್ಯಾನ್ ಡೈನಮೋ ಆಗುತ್ತದೆ, ಉಲ್ಟಾ ವೋಲ್ಟೇಜನ್ನು ಬೋರ್ಡಿಗೆ ಕಳಿಸಬಹುದು. ಬೇರಿಂಗ್ ಕೂಡ ಹಾಳಾಗುತ್ತದೆ. ಫ್ಯಾನ್ ಕೈಗೆ ಎಟಕುವಂತಿದ್ದರೆ ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ಅದನ್ನು ಹಿಡಿದು ನಿಲ್ಲಿಸಿ ಊದಬೇಕು.

ದಯವಿಟ್ಟು ಪಂಕ್ಚರ್ ಅಂಗಡಿಗೆ ಹೋಗಿ ಊದಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ, ಜೊತೆಗೆ ಆಯಿಲ್. ಟೈರಿಗೆ ಅದರಿಂದ ಏನೂ ಆಗುವುದಿಲ್ಲ. ಬೋರ್ಡಿನ ಮೇಲೆ ಅದು ಮಂಜಿನಂತೆ ಕೂರುತ್ತದೆ. ಆ ಒತ್ತಡಕ್ಕೆ ಫ್ಯಾನಿನ ರೆಕ್ಕೆಯೇ ಮುರಿದು ಬಂದ ಬಾಕ್ಸನ್ನು ನೋಡಿದ್ದೇನೆ.

ಪಿಎಸ್5 ಈ ವಿಷಯದಲ್ಲಿ ಸುಧಾರಿಸಿದೆ. ಪಕ್ಕದ ಬಿಳಿ ಹೊದಿಕೆಯನ್ನು ಸ್ಕ್ರೂಡ್ರೈವರ್ ಇಲ್ಲದೆ ತೆಗೆಯಬಹುದು, ಒಳಗೆ ಧೂಳು ಶೇಖರವಾಗಲೆಂದೇ ಮಾಡಿದ ಎರಡು ತೂತುಗಳಿವೆ, ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗದಲ್ಲಿಟ್ಟು ಎಳೆದರಾಯಿತು. ಆದರೆ ಅದಕ್ಕಿಂತ ಒಳಗೆ ಕೈಹಾಕಬೇಡಿ. ಪಿಎಸ್5ರ ಚಿಪ್ಪಿನ ಮೇಲೆ ಮಾಮೂಲಿ ಪೇಸ್ಟ್ ಅಲ್ಲ, ದ್ರವ ಲೋಹ ಇದೆ. ಅದು ಕರೆಂಟು ಹರಿಸುತ್ತದೆ. ಒಂದು ಹನಿ ಪಕ್ಕಕ್ಕೆ ಜಾರಿದರೂ ಶಾರ್ಟ್. ಪಿಎಸ್4ರ ಪೇಸ್ಟನ್ನು ಕೈ ನಡುಗದವರು ಕಲಿತು ಬದಲಿಸಬಹುದು. ನಡುವೆ ತೂತಿರುವ ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ ಬೇಕು, ಹಳೆಯ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು, ಕಡಲೆಕಾಳಿಗಿಂತ ಸಣ್ಣ ಉಂಡೆಯಷ್ಟು ಪೇಸ್ಟ್ ಸಾಕು. ಒಳಗಿರುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಮೇಲ್ಪಟ್ಟು ನಿಂತಿರಬಹುದು.

ಇನ್ನೊಂದು ವಿಷಯ, ಹೇಳಲು ಹೇಸಿಗೆಯಾದರೂ ಹೇಳಲೇಬೇಕು: ಜಿರಳೆ. ಬೆಚ್ಚಗಿನ, ಕತ್ತಲೆಯ, ಯಾರೂ ಮುಟ್ಟದ ಜಾಗ ಅದಕ್ಕೆ ಬೇರೆ ಎಲ್ಲಿ ಸಿಗಬೇಕು? ಪೂರ್ತಿ ಆರಿಸದೆ ರೆಸ್ಟ್ ಮೋಡಿನಲ್ಲಿ ಮಲಗಿಸಿ ಬಿಟ್ಟ ಬಾಕ್ಸ್ ರಾತ್ರಿಯಿಡೀ ಬೆಚ್ಚಗಿರುತ್ತದೆ. ಜಿರಳೆ ಪವರ್ ಸಪ್ಲೈ ಒಳಗೆ ಹೊಕ್ಕು, ಬಿಡಿಭಾಗಗಳ ಲೋಹದ ಕಾಲುಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ. ಸ್ಪ್ರೇ ಹೊಡೆದರೆ ಆ ರಾಸಾಯನಿಕವೇ ಬೋರ್ಡಿಗೆ ಕುತ್ತು. ಶೋಕೇಸಿನ ಮೂಲೆಗಳಿಗೆ ಜೆಲ್ ಔಷಧಿ ಹಚ್ಚಿ, ಬಾಕ್ಸನ್ನು ಅಡುಗೆಮನೆಯ ಗೋಡೆಯಿಂದ ದೂರ ಸರಿಸಿ.

ಕರೆಂಟು ಹೋಗುವುದಕ್ಕಿಂತ ಬರುವುದು ಅಪಾಯ

ಇದು ನನ್ನ ಕಸುಬಿನ ವಿಷಯ, ಹಾಗಾಗಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ.

ಗೇಮ್ ಬಾಕ್ಸಿಗೆ ಸ್ಟೆಬಿಲೈಜರ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಸಾಮಾನ್ಯವಾಗಿ ಬೇಡ. ಬಾಕ್ಸಿನ ತಳದ ಅಥವಾ ಹಿಂಬದಿಯ ಲೇಬಲ್ ಓದಿ. 100ರಿಂದ 240 ವೋಲ್ಟ್ ಎಂದಿದ್ದರೆ ಒಳಗಿನ ಪವರ್ ಸಪ್ಲೈ ಆ ಏರಿಳಿತವನ್ನು ತಾನೇ ನುಂಗುತ್ತದೆ. ಹಳೆಯ ರಿಲೇ ಸ್ಟೆಬಿಲೈಜರ್ ಟಕ್ ಎಂದಾಗಲೆಲ್ಲ ಕ್ಷಣಮಾತ್ರ ಕರೆಂಟು ಕಡಿಯುತ್ತದೆ. ಫ್ರಿಜ್ಜಿಗೆ ಅದು ಲೆಕ್ಕಕ್ಕಿಲ್ಲ, ಒಳಗಿನ ಹಾರ್ಡ್ ಡಿಸ್ಕಿಗೆ ಬರೆಯುತ್ತಿರುವ ಯಂತ್ರಕ್ಕೆ ಲೆಕ್ಕ ಇದೆ. ವಿದೇಶದಿಂದ ಸಂಬಂಧಿಕರು ತಂದುಕೊಟ್ಟ ಹಳೆಯ ಬಾಕ್ಸಿನ ಮೇಲೆ ಬರೀ 100 ಅಥವಾ 120 ವೋಲ್ಟ್ ಎಂದಿದ್ದರೆ ಮಾತ್ರ ಹುಷಾರು, ನಮ್ಮ 230ಕ್ಕೆ ನೇರ ಹಾಕಿದರೆ ಅಲ್ಲಿಗೆ ಮುಗಿಯಿತು.

ನಿಜವಾದ ಕಂಟಕ ಎರಡು. ಒಂದು, ಹೋದ ಕರೆಂಟು ವಾಪಸ್ ಬರುವ ಕ್ಷಣ. ಇಡೀ ಬೀದಿಯ ಫ್ರಿಜ್ಜು, ಮೋಟರು ಒಟ್ಟಿಗೆ ಎದ್ದಾಗ ವೋಲ್ಟೇಜ್ ಮೇಲೆ ಕೆಳಗೆ ಜಿಗಿಯುತ್ತದೆ. ಕರೆಂಟು ಹೋದ ಕೂಡಲೇ ಗೋಡೆಯ ಸ್ವಿಚ್ ಆರಿಸಿ, ಬಂದ ಮೇಲೆ ಐದು ನಿಮಿಷ ಬಿಟ್ಟು ಹಾಕುವುದು ಪುಕ್ಕಟೆ ರಕ್ಷಣೆ. ಇನ್ನೊಂದು, ಡಿಸ್ಕಿಗೆ ಬರೆಯುವ ನಡುವೆ ಕಡಿತ. ಅರ್ಧ ಬರೆದ ಲೆಕ್ಕದ ಪುಸ್ತಕದಂತೆ ಒಳಗಿನ ಪಟ್ಟಿ ಎಡವಟ್ಟಾಗುತ್ತದೆ. ಮತ್ತೆ ಆನ್ ಮಾಡಿದಾಗ "ಸರಿಯಾಗಿ ಆಫ್ ಮಾಡಿಲ್ಲ" ಎಂದು ಹೇಳಿ ಡಿಸ್ಕ್ ತಪಾಸಣೆ ಮಾಡುವುದು ಇದಕ್ಕೇ. ಆ ತಪಾಸಣೆಯನ್ನು ನಡುವೆ ನಿಲ್ಲಿಸಬೇಡಿ.

ಮನೆಗೆ ಇನ್ವರ್ಟರ್ ಇದ್ದರೆ ಅದರ ಹಿಂಬದಿ ನೋಡಿ. ಬಹಳ ಇನ್ವರ್ಟರುಗಳಲ್ಲಿ ಯುಪಿಎಸ್, ನಾರ್ಮಲ್ ಎಂಬ ಎರಡು ಮೋಡಿನ ಒಂದು ಪುಟ್ಟ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಕರೆಂಟು ಬದಲಾಗುವ ಅಂತರ ಹೆಚ್ಚು, ಫ್ಯಾನು ಲೈಟಿಗೆ ತಿಳಿಯುವುದಿಲ್ಲ, ಗೇಮ್ ಬಾಕ್ಸ್ ಆರಿಹೋಗುತ್ತದೆ. ಯುಪಿಎಸ್ ಕಡೆ ತಿರುಗಿಸಿದರೆ ಅಂತರ 10 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ, ಬಾಕ್ಸ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅಲೆಯ ಬದಲು ಮೆಟ್ಟಿಲಿನಂತೆ ಕರೆಂಟು ಕೊಡುವ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಪವರ್ ಸಪ್ಲೈ ಗೊಂಯ್‌ಗುಡುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಸೈನ್ ವೇವ್ ಇದ್ದರೆ ಮಾತ್ರ ಆಡಿ. ಇನ್ವರ್ಟರ್ ಇಲ್ಲದವರಿಗೆ ಕಂಪ್ಯೂಟರಿಗೆ ಹಾಕುವ 600 ವಿಎ ಯುಪಿಎಸ್ ಸಾಕು. ಅದು ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಪಿಎಸ್4ಗೆ 150, ಟಿವಿಗೆ 80-100 ಎಂದರೂ ಗೇಮ್ ಸೇವ್ ಮಾಡಿ ನೆಟ್ಟಗೆ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ಮೂರು ತಾಸು ಆಡುವುದಕ್ಕಲ್ಲ ಅದು.

ಬಾಕ್ಸಿನ ಹಿಂದಿನ ಲೋಹ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಗಾಬರಿಯಾಗಿ ಬರುವವರಿದ್ದಾರೆ. ಪ್ಲೇಸ್ಟೇಷನ್‌ಗೆ ಸಾಮಾನ್ಯವಾಗಿ ಬರುವುದು ಎರಡು ಕಾಲಿನ ಕೇಬಲ್, ಅದಕ್ಕೆ ಅರ್ತ್ ಇಲ್ಲ. ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ತೀರ ಸಣ್ಣ ಸೋರಿಕೆ ಲೋಹಕ್ಕೆ ಬರುತ್ತದೆ. ಬಾಕ್ಸ್ ಸುಸ್ಥಿತಿಯಲ್ಲಿದ್ದರೆ ಇದು ಮನುಷ್ಯರಿಗೆ ಅಪಾಯವಲ್ಲ. ಆದರೆ ಆನ್ ಇರುವಾಗಲೇ ಟಿವಿಗೆ ಚಿತ್ರ ಒಯ್ಯುವ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ, ಟಿವಿಗೂ ಬಾಕ್ಸಿಗೂ ನಡುವಿನ ಆ ವ್ಯತ್ಯಾಸ ಸೂಕ್ಷ್ಮ ಪಿನ್ನುಗಳ ಮೂಲಕ ಹಾಯುತ್ತದೆ. ಕೇಬಲ್ ಹಾಕುವಾಗ, ತೆಗೆಯುವಾಗ ಎರಡರ ಪ್ಲಗ್ಗನ್ನೂ ಕಿತ್ತಿಡಿ. ಬಾಕ್ಸಿಗಲ್ಲದಿದ್ದರೂ ಮನೆಯ ಉಳಿದ ಸಾಮಾನಿಗಾಗಿ ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನಾಲ್ಕು ಕೊಡ ನೀರು ಹಾಕಿ. ನಮ್ಮ ಕಪ್ಪು ಮಣ್ಣು ಒಣಗಿ ಬಿರುಕು ಬಿಟ್ಟಾಗ ಅರ್ತ್ ಹೆಸರಿಗೆ ಮಾತ್ರ ಇರುತ್ತದೆ.

ಮೇ ತಿಂಗಳ ಗುಡುಗು ಮಳೆಗೆ ಬರೀ ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿನ ಆಘಾತ ಚಾವಣಿಯ ಡಿಶ್ ಕೇಬಲಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ, ಟಿವಿಯಿಂದ ಗೇಮ್ ಬಾಕ್ಸಿಗೆ ಬರುತ್ತದೆ. ಪ್ಲಗ್, ಎಚ್‌ಡಿಎಂಐ, ಇಂಟರ್‌ನೆಟ್ ಕೇಬಲ್ ಮೂರನ್ನೂ ಕೀಳಬೇಕು.

ಲೈಟು ಏನು ಹೇಳುತ್ತದೆ

ಪಿಎಸ್4ರ ಮೇಲಿನ ಗೆರೆಯಂಥ ಲೈಟು ಮೊದಲು ನೀಲಿಯಾಗಿ ಮಿಡಿದು ಆಮೇಲೆ ಬಿಳಿಯಾದರೆ ಯಂತ್ರ ಎದ್ದಿದೆ. ಕಿತ್ತಳೆ ಎಂದರೆ ರೆಸ್ಟ್ ಮೋಡ್. ಕೆಂಪು ಮಿನುಗಿದರೆ ಅತಿಯಾದ ಬಿಸಿ. ಬಿಳಿ ಬಂದೂ ಟಿವಿ ಕಪ್ಪಾಗಿದ್ದರೆ ಬಾಕ್ಸ್ ಓಡುತ್ತಿದೆ, ಚಿತ್ರ ಮಾತ್ರ ದಾರಿಯಲ್ಲಿ ಕಳೆದುಹೋಗುತ್ತಿದೆ. ಇಲ್ಲಿ ಒಂದು ಶಿಸ್ತು ಬೇಕು: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲು ಕೇಬಲ್, ಆಮೇಲೆ ಟಿವಿಯ ಇನ್ನೊಂದು ಪೋರ್ಟು, ಆಮೇಲೆ ಪಕ್ಕದ ಮನೆಯ ಟಿವಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಟಾರ್ಚ್ ಹಿಡಿದು ಎಚ್‌ಡಿಎಂಐ ಪೋರ್ಟಿನ ಒಳಗೆ ನೋಡಿ. 19 ಪಿನ್ನುಗಳಿವೆ, ಒಂದು ಬಾಗಿದ್ದರೂ ಚಿತ್ರ ಬಾರದಿರಬಹುದು. ಕೇಬಲ್ ಎಡವಿ ಎಳೆದ ಮನೆಗಳಲ್ಲಿ ಇದೇ ಕಾಯಿಲೆ. ಪೋರ್ಟು ಬದಲಿಸುವುದು ಸೂಕ್ಷ್ಮ ಬೆಸುಗೆಯ ಕೆಲಸ, ಮೊಬೈಲ್ ಬೋರ್ಡ್ ರಿಪೇರಿ ಬಲ್ಲವರ ಕೈಯಲ್ಲಿ ಮಾಡಿಸಿ.

ನೀಲಿ ಮಿಡಿದು ಮಿಡಿದು ಆರಿಹೋದರೆ ವಿಷಯ ಗಂಭೀರ. ಪವರ್ ಸಪ್ಲೈ, ಡಿಸ್ಕು, ಎಚ್‌ಡಿಎಂಐ ಎಲ್ಲವನ್ನೂ ನೋಡಿದ ಮೇಲೂ ಹೋಗದಿದ್ದರೆ ಚಿಪ್ಪಿನ ಸಂಪರ್ಕವೇ ಬಿಟ್ಟಿರಬಹುದು. ಇಂಥಲ್ಲಿ ಹಾಟ್ ಏರ್ ಗನ್ನಿನಿಂದ ಚಿಪ್ಪು ಕಾಯಿಸಿ "ರೆಡಿ ಆಯ್ತು" ಎಂದು ಕೊಡುವವರಿದ್ದಾರೆ. ಕೆಲವು ದಿನ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಏಕೆಂದು ತಿಳಿಯಲು ಎಕ್ಸ್‌ಬಾಕ್ಸ್ 360ರ ಕಥೆ ನೋಡಬೇಕು. 2005ರಲ್ಲಿ ಬಂದ ಆ ಯಂತ್ರದಲ್ಲಿ ಮೂರು ಕೆಂಪು ದೀಪ ಹೊತ್ತಿಕೊಂಡು ಸಾಯುವ ರೋಗ ಎಷ್ಟು ಹಬ್ಬಿತೆಂದರೆ, 2007ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, 100 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಆಡುವಾಗ ಕಾದು, ಆರಿಸಿದಾಗ ತಣ್ಣಗಾಗಿ, ಹಿಗ್ಗಿ ಕುಗ್ಗಿ ಚಿಪ್ಪಿನ ಒಳಗಿನ ಸಂಪರ್ಕಗಳೇ ಬಿರುಕು ಬಿಡುತ್ತಿದ್ದವು. ಹೊರಗಿನಿಂದ ಕಾಯಿಸಿದರೆ ಬಿರುಕು ಸ್ವಲ್ಪ ಹೊತ್ತು ಕೂಡಿಕೊಳ್ಳುತ್ತದೆ, ಬೆಸೆಯುವುದಿಲ್ಲ. ಆ ರಿಪೇರಿಗೆ ಹಣ ಕೊಡಬೇಡಿ.

ಬಾಕ್ಸ್ ಎದ್ದೂ ಗೇಮ್ ನಿಂತುನಿಂತು ಓಡುತ್ತಿದ್ದರೆ, ಮೆನು ತೆರೆಯಲು ಯುಗ ಹಿಡಿದರೆ, ಡಿಸ್ಕ್ ಕಡೆ ಬನ್ನಿ. ಪಿಎಸ್4 ಪೂರ್ತಿ ಆಫ್ ಇರುವಾಗ ಪವರ್ ಬಟನ್ನನ್ನು ಏಳು ಸೆಕೆಂಡ್ ಒತ್ತಿ ಹಿಡಿದರೆ ಎರಡನೇ ಬೀಪ್ ಕೇಳುತ್ತದೆ, ಆಗ ಬಿಟ್ಟರೆ ಸೇಫ್ ಮೋಡ್, ಅಂದರೆ ರಿಪೇರಿಯ ಮೆನು. ಕಂಟ್ರೋಲರನ್ನು ಕೇಬಲಿನಿಂದ ಜೋಡಿಸಬೇಕು, ಅದೂ ಡೇಟಾ ಹರಿಯುವ ಕೇಬಲ್. ಬರೀ ಚಾರ್ಜಿಂಗ್ ಕೇಬಲ್ ಹಾಕಿ "ಸೇಫ್ ಮೋಡ್ ಕೆಲಸ ಮಾಡ್ತಿಲ್ಲ" ಎನ್ನುವವರೇ ಹೆಚ್ಚು. ಅಲ್ಲಿ ಐದನೆಯದು ಡೇಟಾಬೇಸ್ ಮರುಜೋಡಣೆ. ಗ್ರಂಥಾಲಯದ ಪುಸ್ತಕಗಳನ್ನು ಮುಟ್ಟದೆ ಪಟ್ಟಿಯನ್ನಷ್ಟೇ ಹೊಸದಾಗಿ ಬರೆದ ಹಾಗೆ ಅದು, ನಿಮ್ಮ ಗೇಮ್‌ಗಳು ಅಳಿಯುವುದಿಲ್ಲ. ಆರು ಮತ್ತು ಏಳನೆಯದನ್ನು ಒತ್ತಿದರೆ ಎಲ್ಲವೂ ಅಳಿಯುತ್ತದೆ. ಐದಕ್ಕೂ ಆರಕ್ಕೂ ಒಂದೇ ಗೆರೆಯ ಅಂತರ, ಓದಿ ಒತ್ತಿ. ಇದರಿಂದಲೂ ಸುಧಾರಿಸದೆ ಒಳಗಿನಿಂದ ಟಿಕ್ ಟಿಕ್ ಸದ್ದು ಬಂದರೆ ಹಾರ್ಡ್ ಡಿಸ್ಕ್ ಕೊನೆಯ ದಿನಗಳಲ್ಲಿದೆ. ಸೇವ್ ಮಾಡಿದ್ದನ್ನು ಪೆನ್‌ಡ್ರೈವಿಗೆ ಅಂದೇ ನಕಲು ಮಾಡಿ. ಪಿಎಸ್4ರಲ್ಲಿ ಇರುವುದು ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕೇ. ಅದರ ಜಾಗಕ್ಕೆ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿದರೆ ಹಳೆಯ ಬಾಕ್ಸಿಗೆ ಹೊಸ ಜೀವ ಬರುತ್ತದೆ. ಹಳೆಯ ಯಂತ್ರಕ್ಕೆ ಹಣ ಹಾಕುವುದಾದರೆ ಮೊದಲು ಇಲ್ಲಿ ಹಾಕಿ ಎಂಬುದು ನನ್ನ ಸಲಹೆ.

ಸಿಡಿ ತೆಗೆದುಕೊಳ್ಳದಿದ್ದರೆ ಮೊದಲು ಬೇರೆ ಸಿಡಿ ಹಾಕಿ ನೋಡಿ. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಆಳದಲ್ಲಿರುತ್ತದೆ, ಡಿವಿಡಿಯಲ್ಲಿ ಅದು 0.6. ಹಾಗಾಗಿ ಹಿಂದಿನಂತೆ ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯ ಇಲ್ಲಿ ನಡೆಯುವುದಿಲ್ಲ, ಇನ್ನಷ್ಟು ಕೆಡುತ್ತದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ಸುತ್ತಿ ಅಲ್ಲ. ಊದಿ ಒಳಗೆ ಹಾಕುವ ಅಭ್ಯಾಸ ತೊಂಬತ್ತರ ದಶಕದ ಟಿವಿ ಗೇಮ್ ಕ್ಯಾಸೆಟ್ಟಿನಿಂದ ಬಂದದ್ದು. ಆಗಲೂ ಕೆಲಸ ಮಾಡುತ್ತಿದ್ದದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಬಾಯಿಯ ತೇವ ಪಿನ್ನುಗಳಿಗೆ ಕಿಲುಬು ತರುತ್ತಿತ್ತು.

ಕಂಟ್ರೋಲರಿನ ದೊಡ್ಡ ರೋಗ ಒಂದೇ: ಹೆಬ್ಬೆರಳಿನಿಂದ ಆಡಿಸುವ ಕಡ್ಡಿ ಮುಟ್ಟದಿದ್ದರೂ ಆಟಗಾರ ತಾನೇ ಒಂದು ಕಡೆ ನಡೆಯುತ್ತಾನೆ. ಆ ಕಡ್ಡಿಯ ಕೆಳಗೆ ಇರುವುದು ಹಳೆಯ ರೇಡಿಯೋದ ವಾಲ್ಯೂಮ್ ತಿರುಗಣೆಯಲ್ಲಿದ್ದದ್ದೇ. ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಿಗೆ ಜಾರುತ್ತದೆ, ಜಾರಿದಲ್ಲಿ ಸವೆಯುತ್ತದೆ. ರೇಡಿಯೋ ಕರಕರ ಎನ್ನುತ್ತಿತ್ತು, ಇಲ್ಲಿ ಆಟಗಾರ ಜಾರುತ್ತಾನೆ. ಧೂಳಿನಿಂದಾದರೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿದರೆ ಹೋಗುತ್ತದೆ. ಸವೆತವಾದರೆ ಕಡ್ಡಿಯ ಭಾಗವನ್ನೇ ಬೆಸುಗೆ ಬಿಡಿಸಿ ಬದಲಿಸಬೇಕು. ಈಗ ಅಯಸ್ಕಾಂತದಿಂದ ಓಡುವ ಹಾಲ್ ಸೆನ್ಸರ್ ಕಡ್ಡಿಗಳೂ ಸಿಗುತ್ತವೆ, ಅವುಗಳ ಸೆನ್ಸರಿನಲ್ಲಿ ಒಂದಕ್ಕೊಂದು ತಾಕುವುದೇ ಇಲ್ಲ, ಹಾಗಾಗಿ ಆ ಸವೆತವೂ ಇಲ್ಲ. ಮಂಡಕ್ಕಿ ಮಿರ್ಚಿ ತಿಂದ ಕೈಯಲ್ಲಿ ಹಿಡಿಯದಿದ್ದರೆ ಯಾವ ಕಡ್ಡಿಯಾದರೂ ಹೆಚ್ಚು ದಿನ ಬಾಳುತ್ತದೆ. ಬ್ಲೂಟೂತ್ ಜೋಡಣೆ ತಪ್ಪಿದರೆ ಹಿಂಬದಿಯ ಸಣ್ಣ ತೂತಿನಲ್ಲಿ ಪಿನ್ನು ಒತ್ತಿ, ಕೇಬಲಿನಿಂದ ಮತ್ತೆ ಜೋಡಿಸಿ, ಅಷ್ಟೇ.

ನಿಟ್ಟುವಳ್ಳಿ ಹುಡುಗನ ಬಾಕ್ಸನ್ನು ಅವನೆದುರೇ ಬಿಚ್ಚಿದೆ. ಹೀಟ್‌ಸಿಂಕಿನ ಬಾಯಿಗೆ ಕಪ್ಪು ಕಂಬಳಿಯಂಥ ಪದರ, ಮೂಸಿದರೆ ಅಗರಬತ್ತಿಯ ವಾಸನೆ. ಬ್ಲೋವರಿಗೆ ಜಗ್ಗಲಿಲ್ಲ. ಬ್ರಷ್ಷಿಗೆ ಆಲ್ಕೊಹಾಲ್ ಅದ್ದಿ ಒಂದೊಂದೇ ರೆಕ್ಕೆ ಬಿಡಿಸಬೇಕಾಯಿತು. ಪೇಸ್ಟು ಒಣಗಿದ ಸುಣ್ಣದ ಹಾಗೆ ಉದುರಿತು. ಹೊಸದು ಹಚ್ಚಿ, ಮುಚ್ಚಿ, ಅಂಗಡಿಯಲ್ಲೇ ಎರಡು ತಾಸು ಆಡಿಸಿದೆ, ಆರಲಿಲ್ಲ.

ಸಂಜೆ ಅವನ ಮನೆಗೂ ಹೋದೆ. ಶೋಕೇಸಿನಲ್ಲಿ ಬಾಕ್ಸಿನ ಕೆಳಗಿನ ಅಂಕಣದಲ್ಲಿ ದೇವರ ಫೋಟೋ, ಮುಂದೆ ಅಗರಬತ್ತಿ ಸ್ಟ್ಯಾಂಡು. ಹಿಂಬದಿಯ ವೈರ್ ತೂತಿನಿಂದ ಹೊಗೆ ನೇರ ಮೇಲಕ್ಕೆ ಏರುತ್ತಿತ್ತು. ತೋರಿಸಿದೆ. ಅವನ ತಾಯಿ ಒಂದು ಗಳಿಗೆ ನೋಡಿ, "ದೇವ್ರು ಅಲ್ಲೇ ಇರ್ಲಿ ಬಿಡ್ರಿ, ಈ ಡಬ್ಬಿನೇ ಬೇರೆ ಕಡೆ ಇಡಾಣ" ಎಂದರು. ಕಿಟಕಿ ಪಕ್ಕದ ಟೀಪಾಯಿಯ ಮೇಲೆ, ಗೋಡೆಯಿಂದ ಅರ್ಧ ಗೇಣು ಬಿಟ್ಟು ಇಟ್ಟೆವು.

ಮುಂದಿನ ಭಾನುವಾರ ಹುಡುಗ ಫೋನ್ ಮಾಡಿದ. "ಅಣ್ಣ, ಸೌಂಡೇ ಬರ್ತಿಲ್ಲ. ಆನ್ ಐತೋ ಇಲ್ಲೋ ಅಂತ ಲೈಟ್ ನೋಡ್ಬೇಕು ಈಗ."